ಕಚ್ಚೋ ಮಾರಾಯ!

ನಿನ್ನೆ ರಾತ್ರಿ ಲೈಟ್ ಆರಿಸೋಕೆ ಧೈರ್ಯ ಬರಲ್ಲ ಅಂದುಕೊಂಡೇ ಪುಸ್ತಕ ಹಿಡಿದಿದ್ದೆ. ಹನ್ನೊಂದಕ್ಕೆಲ್ಲ ಅದನ್ನು ಎದೆ ಮೇಲಿಟ್ಟುಕೊಂಡೇ ಗೊರಕೆ. ಹಾರರ್ ಕಾದಂಬರಿ ಸ್ವಾಮಿ ಅದು!

ಬರೆದವರು ಸಣ್ಣವರಲ್ಲ. ಅವರ ಹಳೆಯ ಪುಸ್ತಕ ಓದಿ ರಾತ್ರಿ ನೀರು ಕುಡಿಯಲು ಏಳುವುದಕ್ಕೂ ಹೆದರಿದವಳು ನಾನು. ಆದರೆ ಈ ರಕ್ತಪಿಶಾಚಿಗೆ ಮಾತು ಜಾಸ್ತಿ. ಕುತ್ತಿಗೆ ಹತ್ತಿರ ಬಂದು, ಬಾಯಿ ತೆರೆದು, ಎರಡು ಪುಟ ತನ್ನ ಒಂಟಿತನದ ಬಗ್ಗೆ ಭಾಷಣ ಬಿಗಿಯುತ್ತಾನೆ. ಕಚ್ಚೋ ಮಾರಾಯ!

ಬೆಳಿಗ್ಗೆ ಅದೇ ಸಿಟ್ಟಲ್ಲಿ 1897ರ 'ಡ್ರಾಕುಲಾ' ಕಾದಂಬರಿ ತೆಗೆದೆ. ರಕ್ತಪಿಶಾಚಿ ಡ್ರಾಕುಲಾನ ಕೋಟೆಗೆ ಬಂದ ಅತಿಥಿ ಕಿಟಕಿ ಪಕ್ಕ ಕನ್ನಡಿ ನೇತುಹಾಕಿ ಗಡ್ಡ ಬೋಳಿಸುತ್ತಿರುತ್ತಾನೆ. ಹೆಗಲ ಮೇಲೆ ಒಂದು ಕೈ ಬೀಳುತ್ತದೆ, 'ಗುಡ್ ಮಾರ್ನಿಂಗ್' ಅನ್ನುವ ದನಿ. ಕನ್ನಡಿಯಲ್ಲಿ ಹಿಂದಿನ ಕೋಣೆ ಪೂರ್ತಿ ಕಾಣುತ್ತಿದೆ, ಕೈ ಇಟ್ಟ ಡ್ರಾಕುಲಾ ಒಬ್ಬ ಇಲ್ಲ. ಬೆಚ್ಚಿದ್ದಕ್ಕೆ ರೇಜರ್ ತಾಗಿ ಗದ್ದದ ಮೇಲೆ ಸಣ್ಣಗೆ ರಕ್ತ. ಅಷ್ಟೇ. ಬೆಳಗಿನ ಹೊತ್ತು ಓದಿದರೂ ಕತ್ತು ತಣ್ಣಗಾಯಿತು.

(ಅಂದಹಾಗೆ ಆ ಡ್ರಾಕುಲಾ ಹಗಲಲ್ಲೂ ಲಂಡನ್ನಿನಲ್ಲಿ ಆರಾಮಾಗಿ ಓಡಾಡುತ್ತಾನೆ. ಬಿಸಿಲಿಗೆ ಸಾಯುವುದೆಲ್ಲ ಆಮೇಲೆ, 1922ರ 'ನೊಸ್ಫೆರಾಟು' ಸಿನಿಮಾದಿಂದ ಅಂಟಿಕೊಂಡಿದ್ದು.)

ಹೊಸದರಲ್ಲಿ ಇನ್ನೂ ನೂರೈವತ್ತು ಪುಟ ಬಾಕಿ ಇದೆ. ನಿದ್ದೆ ಬಾರದವರು ಯಾರಾದರೂ ಇದ್ದರೆ ಹೇಳಿ, ಸುಮ್ನೆ ಕೊಟ್ಟುಬಿಡ್ತೀನಿ.