ಎರಡು ಕೆಲಸಗಳ ನಡುವೆ ಕೈ ಎಲ್ಲಿರುತ್ತದೆ

ನರ್ಸಿಂಗ್ ವಿದ್ಯಾರ್ಥಿನಿಯರಿಗೆ ವಾರ್ಡಿನಲ್ಲಿ ಕಲಿಸಲು ತೊಡಗಿದ ಮೇಲೆ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಅವರು ಡ್ರೆಸ್ಸಿಂಗ್ ಮಾಡುವಾಗ ನನ್ನ ಕಣ್ಣು ಗಾಯಕ್ಕಿಂತ ಹೆಚ್ಚಾಗಿ ಅವರ ಕೈಯ ಮೇಲಿರುತ್ತದೆ. ಅದರಲ್ಲೂ ಒಂದು ಕೆಲಸ ಮುಗಿದು ಮತ್ತೊಂದು ಆರಂಭವಾಗುವ ಮೊದಲಿನ ನಾಲ್ಕೈದು ಸೆಕೆಂಡುಗಳಲ್ಲಿ ಆ ಕೈ ಎಲ್ಲೆಲ್ಲಿಗೆ ಹೋಗಿ ಬರುತ್ತದೆ ಎಂಬುದನ್ನು ನೋಡುತ್ತಿರುತ್ತೇನೆ. ಕೈ ತೊಳೆಯಲು ಬಾರದ ವಿದ್ಯಾರ್ಥಿನಿಯನ್ನು ನಾನು ಈವರೆಗೆ ಕಂಡಿಲ್ಲ. ತೊಳೆದ ಕೈಯನ್ನು ಮುಂದಿನ ಅರ್ಧ ನಿಮಿಷ ಕಾಪಾಡಿಕೊಳ್ಳಬಲ್ಲವರು ಮಾತ್ರ ವಿರಳ, ಮತ್ತು ಆ ವಿರಳರ ಸಾಲಿನಲ್ಲಿ ಬಹಳ ವರ್ಷ ನಾನೂ ಇರಲಿಲ್ಲ.

ಈಚೆಗೆ ಒಬ್ಬಳು ನನ್ನೆದುರು ಕೈ ತೊಳೆದ ರೀತಿಯಲ್ಲಿ ಎಣಿಸಲು ಒಂದು ತಪ್ಪೂ ಇರಲಿಲ್ಲ. ಅಂಗೈ, ಕೈಯ ಹಿಂಬದಿ, ಬೆರಳುಗಳ ಸಂದು, ಹೆಬ್ಬೆರಳಿನ ಬುಡ, ಉಗುರುಗಳ ತುದಿ, ಯಾವುದನ್ನೂ ಬಿಡಲಿಲ್ಲ. ಕಾಗದದಿಂದ ಒರೆಸಿಕೊಂಡು ಅದೇ ಕಾಗದವನ್ನು ಹಿಡಿದು ನಲ್ಲಿ ನಿಲ್ಲಿಸಿದಳು. ಆಮೇಲೆ ರೋಗಿಗೆ ಸಂಕೋಚವಾಗದಿರಲೆಂದು ಪರದೆ ಎಳೆದಳು, ಮಂಚದ ಪಕ್ಕದ ಸರಳನ್ನು ಕೆಳಗಿಳಿಸಿದಳು, ಮುಖದ ಮೇಲೆ ಬೀಳುತ್ತಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು, ಟ್ರಾಲಿಯನ್ನು ಹತ್ತಿರಕ್ಕೆ ಎಳೆದುಕೊಂಡು ಡ್ರೆಸ್ಸಿಂಗ್ ಪೊಟ್ಟಣ ಬಿಚ್ಚಲು ಹೊರಟಳು. ನಾನು ತಡೆದಾಗ ಆಕೆಗೆ ನಿಜಕ್ಕೂ ಆಶ್ಚರ್ಯವಾಯಿತು. “ತೊಳೆದಿದ್ದೇನಲ್ಲ ಮೇಡಂ” ಎಂದಳು. ಪರದೆ, ಸರಳು, ಕೂದಲು, ಟ್ರಾಲಿಯ ಹಿಡಿ ಎಂದು ಒಂದೊಂದಾಗಿ ನೆನಪಿಸಿದಾಗ ಸುಮ್ಮನಾದಳು. ಆ ನಾಲ್ಕನ್ನೂ ಮುಟ್ಟಿದ್ದು ಅವಳ ನೆನಪಿನಲ್ಲೇ ಇರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2009ರಿಂದ ಪ್ರಚಾರ ಮಾಡುತ್ತಿರುವ ಕೈ ಶುದ್ಧ ಮಾಡಿಕೊಳ್ಳಬೇಕಾದ ಐದು ಸಂದರ್ಭಗಳ ಪಟ ಬಹುತೇಕ ವಾರ್ಡುಗಳ ಗೋಡೆಯ ಮೇಲಿದೆ: ರೋಗಿಯನ್ನು ಮುಟ್ಟುವ ಮೊದಲು, ಶುದ್ಧ ವಿಧಾನದಲ್ಲಿ ಮಾಡಬೇಕಾದ ಕೆಲಸಕ್ಕೆ ಮೊದಲು, ದೇಹದ ದ್ರವಗಳು ತಗುಲುವ ಸಂಭವವಿದ್ದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ಇವನ್ನು ಬಾಯಿಪಾಠ ಮಾಡಿಸುವುದು ಸುಲಭ. ನನ್ನ ಅಭಿಪ್ರಾಯದಲ್ಲಿ ಈ ಐದರಲ್ಲಿ ಹೆಚ್ಚು ಸೋರಿಹೋಗುವುದು ಎರಡನೆಯದು ಮತ್ತು ಐದನೆಯದು. ರೋಗಿಯನ್ನು ಮುಟ್ಟುವ ಮೊದಲು ಒಮ್ಮೆ ಕೈ ಶುದ್ಧ ಮಾಡಿಕೊಂಡವರು ಅದೇ ರೋಗಿಯ ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆಯಾದ ಕ್ಯಾನುಲಾವನ್ನೋ ಗಾಯವನ್ನೋ ಮುಟ್ಟುವ ಮೊದಲು ಮತ್ತೊಮ್ಮೆ ಮಾಡಿಕೊಳ್ಳಬೇಕೆಂಬುದನ್ನು ಮರೆಯುತ್ತಾರೆ, ಏಕೆಂದರೆ ಆ ರೋಗಿಯ ಚರ್ಮದ ಮೇಲಿನ ಸೂಕ್ಷ್ಮಾಣುಗಳು ಅದೇ ರೋಗಿಯ ರಕ್ತನಾಳದೊಳಗೆ ಹೋದರೆ ಅಪಾಯ ಎಂಬ ಸಂಗತಿ ತಟ್ಟನೆ ಹೊಳೆಯುವಂಥದ್ದಲ್ಲ. ಐದನೆಯದರ ಕಥೆ ಇನ್ನೂ ಸರಳ. ಡ್ರಿಪ್ ಯಂತ್ರದ ಗುಂಡಿಯೊತ್ತಿ ಸದ್ದು ನಿಲ್ಲಿಸಿದವರು ತಾವು ಏನನ್ನಾದರೂ ಮುಟ್ಟಿದೆವೆಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಸಮಯದ ಅಭಾವ ಎಂಬ ನೆಪವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಸೋಪು ನೀರಿನಲ್ಲಿ ಸರಿಯಾಗಿ ತೊಳೆಯಲು 40ರಿಂದ 60 ಸೆಕೆಂಡು ಬೇಕು, ರಾತ್ರಿ ಪಾಳಿಯಲ್ಲಿ ಒಬ್ಬಳೇ ಇದ್ದಾಗ ಅದು ಸಣ್ಣ ಹೊತ್ತಲ್ಲ. ಆಲ್ಕೋಹಾಲ್ ಇರುವ ಹ್ಯಾಂಡ್‌ರಬ್ 20ರಿಂದ 30 ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತದೆ, ಕಣ್ಣಿಗೆ ಕಾಣುವ ಕೊಳೆ ಕೈಗಿಲ್ಲದಿದ್ದರೆ ಅದೇ ಉತ್ತಮ ಕೂಡ. ಆದರೆ ಅದು ಕೈಯ ಮೇಲೆ ತಾನಾಗಿ ಆರಬೇಕು. ಅವಸರದಲ್ಲಿ ಯೂನಿಫಾರ್ಮಿಗೆ ಒರೆಸಿಕೊಂಡರೆ ಹಚ್ಚಿಕೊಂಡದ್ದೇ ದಂಡ. ಭೇದಿಗೆ ಕಾರಣವಾಗುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್‌ನ ಬೀಜಾಣುಗಳಿಗಂತೂ ಆಲ್ಕೋಹಾಲ್ ಲೆಕ್ಕಕ್ಕಿಲ್ಲ. ಅಂಥ ರೋಗಿಯ ಬಳಿಯಿಂದ ಬಂದವರು ಸೋಪು ಹಚ್ಚಿ ಉಜ್ಜಿ ತೊಳೆದುಕೊಳ್ಳಲೇಬೇಕು.

ಸೆಮ್ಮೆಲ್‌ವೈಸ್ ಎಂಬ ಹತ್ತೊಂಬತ್ತನೆಯ ಶತಮಾನದ ವೈದ್ಯರ ಹೆಸರನ್ನು ಕೈತೊಳೆಯುವ ಪಾಠದಲ್ಲಿ ಎಲ್ಲರೂ ಹೇಳುತ್ತಾರೆ. ನನಗೆ ಆ ಕಥೆಯಲ್ಲಿ ಮುಖ್ಯವೆನಿಸುವುದು ಕೈಯ ದಾರಿ. ವಿಯೆನ್ನಾದ ಆಸ್ಪತ್ರೆಯ ಎರಡು ಹೆರಿಗೆ ವಿಭಾಗಗಳಲ್ಲಿ ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಿಭಾಗಕ್ಕಿಂತ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳಿದ್ದ ವಿಭಾಗದಲ್ಲಿ ಬಾಣಂತಿಯರ ಸಾವು ಬಹಳ ಹೆಚ್ಚಾಗಿತ್ತು. ಈ ವೈದ್ಯರು ಮತ್ತು ವಿದ್ಯಾರ್ಥಿಗಳು ಶವಪರೀಕ್ಷೆಯ ಕೋಣೆಯಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. 1847ರ ಮೇ ತಿಂಗಳಲ್ಲಿ ಸೆಮ್ಮೆಲ್‌ವೈಸ್ ಆ ಎರಡು ಕೋಣೆಗಳ ನಡುವೆ ಕ್ಲೋರಿನ್ ಬೆರೆತ ಸುಣ್ಣದ ದ್ರಾವಣವನ್ನು ಇಡಿಸಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವಿನ ಪ್ರಮಾಣ ಜೂನ್ ಹೊತ್ತಿಗೆ ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ಸೂಕ್ಷ್ಮಾಣುಗಳಿಂದ ರೋಗ ಬರುತ್ತದೆಂಬ ಸಿದ್ಧಾಂತ ಆಗಿನ್ನೂ ನೆಲೆಗೊಂಡಿರಲಿಲ್ಲ, ಆದರೂ ಬೇಸಿನ್ ಇಡಬೇಕಾದ ಜಾಗವನ್ನು ಅವರು ಸರಿಯಾಗಿ ಗುರುತಿಸಿದ್ದರು. ನಮ್ಮ ಎಷ್ಟೋ ವಾರ್ಡುಗಳಲ್ಲಿ ಇಂದಿಗೂ ಹ್ಯಾಂಡ್‌ರಬ್ ಬಾಟಲಿ ಬಾಗಿಲಿನ ಬಳಿ ಇರುತ್ತದೆ, ಅದು ಬೇಕಾಗುವುದು ಮಂಚದ ಬಳಿ.

ಗ್ಲೌಸ್ ವಿಷಯಕ್ಕೆ ಬಂದರೆ ನನ್ನ ಮಾತು ಸ್ವಲ್ಪ ಖಾರವಾಗುತ್ತದೆ. ಶಸ್ತ್ರಕ್ರಿಯೆಗೆ ರಬ್ಬರ್ ಗ್ಲೌಸ್ ಬಂದದ್ದರ ಹಿಂದೆ ಒಬ್ಬ ನರ್ಸ್ ಇದ್ದಾರೆ. 1889–90ರ ಸುಮಾರಿಗೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈಗಳು ಪಾದರಸ ಬೆರೆತ ಸೋಂಕುನಿವಾರಕದಿಂದ ಬಿರಿದು ಹೋಗಿದ್ದರಿಂದ ಶಸ್ತ್ರವೈದ್ಯ ಹಾಲ್‌ಸ್ಟೆಡ್ ಆಕೆಗಾಗಿ ತೆಳುವಾದ ಗ್ಲೌಸ್ ಮಾಡಿಸಿದರು. ಅಂದರೆ ಅದು ಮೊದಲಿಗೆ ಕಾಪಾಡಿದ್ದು ನರ್ಸಿನ ಕೈಯನ್ನು. ಇಂದು ಒಂದೇ ಜೊತೆ ಗ್ಲೌಸ್‌ನಲ್ಲಿ ಮೂರು ಮಂಚಗಳ ಕೆಲಸ ಮುಗಿಸಿ, ಅದರಲ್ಲೇ ಫೋನ್ ಎತ್ತಿಕೊಳ್ಳುವವರನ್ನು ನೋಡಿದಾಗ ಗ್ಲೌಸ್ ಇಂದಿಗೂ ನರ್ಸಿನ ಕೈಯನ್ನಷ್ಟೇ ಕಾಪಾಡುತ್ತಿದೆ ಎನಿಸುತ್ತದೆ. ಗ್ಲೌಸ್‌ನಲ್ಲಿ ಕಣ್ಣಿಗೆ ಕಾಣದ ತೂತುಗಳಿರಬಹುದು, ತೆಗೆಯುವಾಗ ಅದರ ಹೊರಮೈ ಮಣಿಕಟ್ಟಿಗೆ ತಾಗಬಹುದು. ಹಾಗಾಗಿ ತೆಗೆದ ಮೇಲೆ ಕೈ ಶುದ್ಧ ಮಾಡಿಕೊಳ್ಳುವುದು ತಪ್ಪುವುದಿಲ್ಲ.

ಇನ್ನು ನನ್ನದೇ ತಪ್ಪು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಬ್ಬ ಅಜ್ಜಿಯನ್ನು ಸ್ಕ್ಯಾನಿಂಗ್‌ಗೆ ಕಳಿಸುವಾಗ, ಟ್ರಾಲಿಗೆ ಸಿಕ್ಕಿಕೊಳ್ಳದಿರಲೆಂದು ಕ್ಯಾಥೆಟರ್ (ಮೂತ್ರಕೋಶಕ್ಕೆ ಹಾಕಿದ ಕೊಳವೆ) ಮೂಲಕ ಮೂತ್ರ ಬಂದು ಸೇರುವ ಚೀಲವನ್ನು ಎತ್ತಿ ಅವರ ಹೊಟ್ಟೆಯ ಮೇಲಿಟ್ಟೆ. ಹಳದಿ ದ್ರವ ಕೊಳವೆಯಲ್ಲಿ ಹಿಂದಕ್ಕೆ ಹರಿಯುತ್ತಿದ್ದದ್ದು ಕಾಣಿಸುತ್ತಿತ್ತು, ಆದರೆ ಕಂಡದ್ದರ ಅರ್ಥ ನನಗಾಗಲಿಲ್ಲ. ಚೀಲದಲ್ಲಿ ಗಂಟೆಗಟ್ಟಲೆ ನಿಂತ ಮೂತ್ರದಲ್ಲಿ ಬೆಳೆದ ಬ್ಯಾಕ್ಟೀರಿಯಾಗಳಿಗೆ ಮೂತ್ರಕೋಶದವರೆಗೆ ನಾನೇ ಇಳಿಜಾರಿನ ದಾರಿ ಮಾಡಿಕೊಟ್ಟಿದ್ದೆ. ಎರಡು ದಿನಗಳ ನಂತರ ಅಜ್ಜಿಗೆ ಚಳಿಜ್ವರ ಬಂತು. ಅದಕ್ಕೆ ಚೀಲ ಹೊಟ್ಟೆಯ ಮೇಲಿದ್ದ ಐದು ನಿಮಿಷಗಳೇ ಕಾರಣವೆಂದು ಯಾರೂ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಕ್ಯಾಥೆಟರ್ ಒಳಗಿದ್ದ ಪ್ರತಿ ದಿನವೂ ಸೋಂಕಿನ ಸಂಭವ ಏರುತ್ತಲೇ ಇರುತ್ತದೆ. ಅಂದಿನಿಂದ ನಾನು ಚೀಲ ಮೂತ್ರಕೋಶಕ್ಕಿಂತ ಕೆಳಗಿದೆಯೇ, ನೆಲಕ್ಕೆ ತಾಗದಂತೆ ಇದೆಯೇ ಎಂದು ನೋಡುವುದರ ಜೊತೆಗೆ, ಬೆಳಗಿನ ರೌಂಡ್ಸ್‌ನಲ್ಲಿ ವೈದ್ಯರನ್ನು ತಪ್ಪದೆ ಕೇಳುತ್ತೇನೆ: “ಸರ್, ಈ ಕ್ಯಾಥೆಟರ್ ಇವತ್ತೂ ಬೇಕಾ?” ಅನೇಕ ಸಲ ಅದು ಬೇಕಾಗಿರುವುದಿಲ್ಲ, ತೆಗೆಯಲು ಹೇಳುವುದನ್ನು ಮರೆತಿರುತ್ತಾರೆ ಅಷ್ಟೆ. ಕ್ಯಾನುಲಾದ ಮಾತೂ ಇದೇ.

ಸೋಂಕಲ್ಲದಿದ್ದರೂ ಇದೇ ಜಾತಿಗೆ ಸೇರುವ ಇನ್ನೊಂದು ತಪ್ಪಿದೆ, ಅದು ನಾಲಿಗೆಯ ಮೇಲೆ ನಡೆಯುತ್ತದೆ. “ನೀವು ಇಂಥವರೇ ತಾನೆ?” ಎಂದು ಕೇಳಿದರೆ ಕಿವಿ ಮಂದವಾದವರು, ಮಂಪರಿನಲ್ಲಿರುವವರು, ಸಿಸ್ಟರ್‌ಗೆ ಬೇಸರವಾಗಬಾರದೆಂದುಕೊಂಡವರು ಎಲ್ಲರೂ ಹೌದೆಂದು ತಲೆಯಾಡಿಸುತ್ತಾರೆ. ಹಾಗೆ ತಲೆಯಾಡಿಸಿದ ಒಬ್ಬ ಯಜಮಾನರಿಗೆ ನಾನು ಪಕ್ಕದ ಮಂಚದವರ ಇನ್ಸುಲಿನ್ ಕೊಡುವುದರಲ್ಲಿದ್ದೆ, ಅವರ ಮಗಳು “ಅಪ್ಪನಿಗೆ ಸಕ್ಕರೆ ಕಾಯಿಲೆ ಇಲ್ಲವಲ್ಲ ಸಿಸ್ಟರ್” ಎಂದು ತಡೆದಳು. ಹೆಸರನ್ನು ನಾವು ಹೇಳಬಾರದು, ಅವರಿಂದ ಹೇಳಿಸಬೇಕು. ಅದಕ್ಕೆ ಜನ್ಮದಿನಾಂಕವನ್ನೋ ಆಸ್ಪತ್ರೆಯ ನೋಂದಣಿ ಸಂಖ್ಯೆಯನ್ನೋ ಸೇರಿಸಿ, ಕೈಪಟ್ಟಿಯೊಂದಿಗೆ ತಾಳೆ ನೋಡಬೇಕು. ಮಂಚದ ಸಂಖ್ಯೆ ಗುರುತಾಗಲಾರದು, ಏಕೆಂದರೆ ರೋಗಿಗಳು ಮಂಚ ಬದಲಿಸುತ್ತಾರೆ. ಆ ದಿನ ನಾನು ಘಟನಾ ವರದಿ ಬರೆದೆ. ಹಾನಿಯೇ ಆಗಿಲ್ಲವಲ್ಲ, ಬರೆಯುವುದೇಕೆ ಎಂದು ಹಿರಿಯರೊಬ್ಬರು ಕೇಳಿದರು. ಮುಂದಿನ ವಾರ ಒಂದೇ ಹೆಸರಿನ ಇಬ್ಬರನ್ನು ಅಕ್ಕಪಕ್ಕ ಮಲಗಿಸಬಾರದೆಂಬ ಸೂಚನೆ ಬಂದಾಗ ಅವರು ಮತ್ತೆ ಕೇಳಲಿಲ್ಲ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಹೋದರೆ ಅದು ನಮ್ಮ ಕೈಗೇ ಚುಚ್ಚಬಹುದು, ಹಾಗಾಗಿ ಹಾಕಬಾರದೆಂಬುದನ್ನು ಇಲ್ಲಿ ಒಂದೇ ಸಾಲಿನಲ್ಲಿ ಹೇಳಿಬಿಡುತ್ತೇನೆ: ಸೋಂಕಿತ ರಕ್ತವಿದ್ದ ಸೂಜಿ ಚುಚ್ಚಿದರೆ, ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ (ಯಕೃತ್ತಿನ ಸೋಂಕು) ಅಂಟುವ ಸಂಭವ ನೂರಕ್ಕೆ 6ರಿಂದ 30, ಎಚ್‌ಐವಿಯದ್ದು ಸಾವಿರಕ್ಕೆ ಸುಮಾರು 3. ಸೂಜಿಯ ಡಬ್ಬಿ ಮುಕ್ಕಾಲು ತುಂಬಿದಾಗಲೇ ಬದಲಾಯಿಸಬೇಕು.

ಮತ್ತೆ ಆ ವಿದ್ಯಾರ್ಥಿನಿಯ ವಿಷಯ. ಮರುದಿನ ಅವಳು ಮೊದಲು ಪರದೆ ಎಳೆದು, ಸರಳು ಇಳಿಸಿ, ಮಂಚವನ್ನು ತನ್ನ ಎತ್ತರಕ್ಕೆ ಹೊಂದಿಸಿ, ಟ್ರಾಲಿಯನ್ನು ಸರಿಯಾದ ಜಾಗಕ್ಕೆ ತಂದು, ಕೂದಲಿಗೆ ಪಿನ್ ಹಾಕಿಕೊಂಡು, ಕೊನೆಗೆ ಕೈ ಶುದ್ಧ ಮಾಡಿಕೊಂಡಳು. ಕೆಲಸದ ಪ್ರಮಾಣ ಹೆಚ್ಚಲಿಲ್ಲ, ಕ್ರಮ ಬದಲಾಯಿತು. ಡ್ರೆಸ್ಸಿಂಗ್ ಮುಗಿಸಿ, ಗ್ಲೌಸ್ ತೆಗೆದು, ಹ್ಯಾಂಡ್‌ರಬ್ ಆರುವವರೆಗೆ ಕಾದಳು. ಆಮೇಲೆ ಚಾರ್ಟ್ ಬರೆಯಲು ಪೆನ್ನು ಕೇಳಿದಳು. ನಾನು ಜೇಬಿನಿಂದ ನನ್ನ ಪೆನ್ನನ್ನು ತೆಗೆದು ಕೊಡಲು ಹೋಗಿ ಅಲ್ಲೇ ನಿಂತೆ: ಬೆಳಗಿನಿಂದ ಅದು ನನ್ನೊಂದಿಗೆ ಹನ್ನೊಂದು ಮಂಚಗಳನ್ನು ಸುತ್ತಿ ಬಂದಿತ್ತು, ಅದನ್ನು ಒಮ್ಮೆಯೂ ಒರೆಸಿರಲಿಲ್ಲ. ಆಲ್ಕೋಹಾಲ್ ಸ್ವಾಬ್ ಒಂದನ್ನು ಹರಿದು ಪೆನ್ನಿನ ಉದ್ದಕ್ಕೂ ಉಜ್ಜಿ, ಆರಿದ ಮೇಲೆ ಅವಳ ಕೈಗಿತ್ತೆ.