ಪಿಕಲ್ ಆಗದ ಆಬ್ಜೆಕ್ಟ್‌ಗಳು

ಪೈಥಾನ್‌ನಲ್ಲಿ ಆಬ್ಜೆಕ್ಟ್‌ಗಳನ್ನು ಬೈಟ್‌ಗಳಾಗಿಸಿ ಫೈಲಿಗೆ ಬರೆಯಲು ಅಥವಾ ಇನ್ನೊಂದು ಪ್ರೊಸೆಸ್‌ಗೆ ಕಳಿಸಲು ಪಿಕಲ್ ಬಳಸುವವರಿಗೆ, ಥ್ರೆಡ್ ಲಾಕನ್ನು (ಹಲವು ಥ್ರೆಡ್‌ಗಳು ಒಂದೇ ಡೇಟಾವನ್ನು ಏಕಕಾಲಕ್ಕೆ ಮುಟ್ಟದಂತೆ ತಡೆಯುವ ಬೀಗವನ್ನು) ಪಿಕಲ್ ಮಾಡಲಾಗದೆಂಬ ಟೈಪ್‌ಎರರ್ ಇಂದಲ್ಲ ನಾಳೆ ಎದುರಾಗುತ್ತದೆ. ಆ ಲಾಕನ್ನು ಬಹುತೇಕ ನಾವು ಬರೆದಿರುವುದೇ ಇಲ್ಲ. ನಮ್ಮ ಕ್ಲಾಸ್ ಹಿಡಿದುಕೊಂಡಿರುವ ಡೇಟಾಬೇಸ್ ಕ್ಲೈಂಟಿನ ಕನೆಕ್ಷನ್ ಪೂಲಿನೊಳಗೆಲ್ಲೋ (ಮರುಬಳಕೆಗೆಂದು ತೆರೆದಿಟ್ಟ ಸಂಪರ್ಕಗಳ ಸಂಗ್ರಹದೊಳಗೆ) ಅದು ಅವಿತಿರುತ್ತದೆ.

ಪಿಕಲ್‌ನ ಈ ನಿರಾಕರಣೆ ನನಗೆ ಸರಿಯೆಂದೇ ತೋರುತ್ತದೆ. ತೆರೆದ ಫೈಲಿನ ನಿಜವಾದ ಸ್ಥಿತಿ ಇರುವುದು ಕರ್ನಲ್‌ನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಲ್ಲಿ. ನಮ್ಮ ಬಳಿ ಇರುವುದು 5 ಎಂಬಂಥ ಒಂದು ಸಂಖ್ಯೆ ಮಾತ್ರ, ಮತ್ತು ಇನ್ನೊಂದು ಪ್ರೊಸೆಸ್‌ನಲ್ಲಿ ಅದೇ 5 ಬೇರೆ ಯಾವುದೋ ಫೈಲನ್ನು ಸೂಚಿಸಬಹುದು. ಹೆಸರಿಡದೆ ಬರೆಯುವ ಫಂಕ್ಷನ್ ಆದ ಲ್ಯಾಂಬ್ಡಾದ ತೊಡಕು ಬೇರೆ: ಪಿಕಲ್ ಫಂಕ್ಷನ್ನಿನ ಕೋಡನ್ನು ಉಳಿಸದೆ ಮಾಡ್ಯೂಲ್ ಮತ್ತು ಫಂಕ್ಷನ್ನಿನ ಹೆಸರನ್ನಷ್ಟೇ ಬರೆದುಕೊಳ್ಳುವುದರಿಂದ, ಸ್ವಂತ ಹೆಸರಿಲ್ಲದ್ದನ್ನು ಮತ್ತೆ ಹುಡುಕುವ ದಾರಿ ಅದಕ್ಕಿಲ್ಲ. ಕ್ಲೌಡ್‌ಪಿಕಲ್ ಎಂಬ ಪ್ರತ್ಯೇಕ ಲೈಬ್ರರಿ ಕೋಡನ್ನೇ ಜೊತೆಗೆ ಕಳಿಸುತ್ತದೆಯಾದರೂ ಎರಡೂ ಕಡೆ ಒಂದೇ ಪೈಥಾನ್ ಆವೃತ್ತಿ ಇರಬೇಕೆಂದು ಬಯಸುತ್ತದೆ. ಲಾಕ್‌ಗಳಿಗೆ, ಸಾಕೆಟ್‌ಗಳಿಗೆ (ನೆಟ್‌ವರ್ಕ್ ಸಂಪರ್ಕದ ತುದಿಗಳಿಗೆ) ಅದರಿಂದಲೂ ಪರಿಹಾರವಿಲ್ಲ.

ಆದ್ದರಿಂದ ಉಳಿಸಬೇಕಾದದ್ದು ಕನೆಕ್ಷನ್ನನ್ನಲ್ಲ, ಅದನ್ನು ಮತ್ತೆ ಕಟ್ಟಲು ಬೇಕಾದ ಮಾಹಿತಿಯನ್ನು. ಕ್ಲಾಸಿನಲ್ಲಿ ಪಿಕಲ್ ಮಾಡುವಾಗ ಪೈಥಾನ್ ತಾನೇ ಕರೆಯುವ ಗೆಟ್‌ಸ್ಟೇಟ್ ಎಂಬ ವಿಶೇಷ ಮೆಥಡ್ ಬರೆದು, ಆಬ್ಜೆಕ್ಟಿನ ಅಟ್ರಿಬ್ಯೂಟ್‌ಗಳೆಲ್ಲ ಇರುವ ಡಿಕ್ಷನರಿಯ ನಕಲು ತೆಗೆದು, ಅದರಿಂದ ಲಾಕನ್ನೂ ಕನೆಕ್ಷನ್ನನ್ನೂ ಕಳಚಿ ಹಿಂದಿರುಗಿಸಬೇಕು. ನಕಲು ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮೂಲ ಡಿಕ್ಷನರಿಯಿಂದಲೇ ಅಳಿಸಿದರೆ ಪಿಕಲ್ ಯಶಸ್ವಿಯಾಗುತ್ತದೆ, ಆದರೆ ಇನ್ನೂ ಬಳಕೆಯಲ್ಲಿರುವ ಆಬ್ಜೆಕ್ಟ್ ತನ್ನ ಲಾಕನ್ನು ಕಳೆದುಕೊಂಡು ಮುಂದೆಲ್ಲೋ, ಸಂಬಂಧವೇ ಇಲ್ಲದಂತೆ ಕಾಣುವ ಸಾಲಿನಲ್ಲಿ ಅಟ್ರಿಬ್ಯೂಟ್‌ಎರರ್ ಕೊಡುತ್ತದೆ. ಮರಳಿ ಓದುವಾಗ, ಆಬ್ಜೆಕ್ಟನ್ನು ಮೊದಲು ಸಜ್ಜುಗೊಳಿಸುವ ಇನಿಟ್ ಮೆಥಡ್ ಸಾಮಾನ್ಯವಾಗಿ ಓಡುವುದಿಲ್ಲವಾದ್ದರಿಂದ ಹೊಸ ಲಾಕನ್ನು, ಆಗ ಕರೆಯಲಾಗುವ ಸೆಟ್‌ಸ್ಟೇಟ್ ಮೆಥಡ್‌ನಲ್ಲಿಯೇ ಸೃಷ್ಟಿಸಬೇಕು. ಕನೆಕ್ಷನ್ನನ್ನು ಮಾತ್ರ ಅಲ್ಲಿ ತೆರೆಯದೆ ಮೊದಲ ಬಳಕೆಯವರೆಗೆ ಮುಂದೂಡುವುದು ಲೇಸು; ಸರ್ವರ್ ನಿಂತಿದೆಯೆಂಬ ಕಾರಣಕ್ಕೆ ಒಂದು ಫೈಲನ್ನು ಓದುವುದೂ ವಿಫಲವಾಗಬಾರದಲ್ಲ. ಪಾಸ್‌ವರ್ಡ್ ಕೂಡ ಆ ಬೈಟ್‌ಗಳೊಳಗೆ ಸೇರಬಾರದು. ಕ್ಲಾಸ್ ನಮ್ಮದಲ್ಲದಿದ್ದರೆ ಪೈಥಾನ್‌ನದೇ ಕಾಪಿರೆಜ್ ಮಾಡ್ಯೂಲ್ ಮೂಲಕ ಹೊರಗಿನಿಂದಲೇ ಇದೇ ಏರ್ಪಾಡನ್ನು ನೋಂದಾಯಿಸಬಹುದು.

ಜಾವಾದಲ್ಲಿ ಟ್ರಾನ್ಸಿಯೆಂಟ್ ಎಂಬ ಒಂದೇ ಪದದಿಂದ ಫೀಲ್ಡನ್ನು ಹೊರಗಿಡಬಹುದು. ಓದಿದ ಮೇಲೆ ಲಾಕ್, ಕನೆಕ್ಷನ್‌ಗಳಂಥ ಫೀಲ್ಡ್ ನಲ್ (ಖಾಲಿ) ಆಗಿರುತ್ತದೆಂಬುದು ನೆನಪಿರಬೇಕು, ಅಷ್ಟೆ.

ಲಿನಕ್ಸ್‌ನಲ್ಲಿ ಇಷ್ಟುದಿನ ಈ ಗೋಜಿಲ್ಲದೆ ನಡೆದಿದ್ದ ಕೋಡನ್ನೂ ಈಗ ಪರಿಶೀಲಿಸಬೇಕಾಗಿದೆ. ಪೈಥಾನ್‌ನ ಮಲ್ಟಿಪ್ರೊಸೆಸಿಂಗ್ ಮಾಡ್ಯೂಲ್‌ನ ಫೋರ್ಕ್ ವಿಧಾನದಲ್ಲಿ, ಅಂದರೆ ಓಡುತ್ತಿರುವ ಪ್ರೊಸೆಸ್‌ನ ಪ್ರತಿಯನ್ನೇ ತೆಗೆಯುವಲ್ಲಿ, ಹೊಸ ಪ್ರೊಸೆಸ್‌ಗೆ ಕೊಟ್ಟ ಆರ್ಗ್ಯುಮೆಂಟ್‌ಗಳು ಪಿಕಲ್ ಆಗದೆ ಹಾಗೆಯೇ ದಾಟುತ್ತಿದ್ದವು. 2025ರಲ್ಲಿ ಬಂದ ಪೈಥಾನ್ 3.14ರಲ್ಲಿ ಲಿನಕ್ಸ್‌ನಲ್ಲಿ ಫೋರ್ಕ್‌ಸರ್ವರ್ (ಪ್ರತ್ಯೇಕ ಸರ್ವರ್ ಪ್ರೊಸೆಸ್‌ನಿಂದ ಹೊಸ ಪ್ರೊಸೆಸ್ ಹುಟ್ಟಿಸುವ ವಿಧಾನ) ಡೀಫಾಲ್ಟ್ ಆಗಿರುವುದರಿಂದ ಅವೂ ಪಿಕಲ್ ಆಗಲೇಬೇಕು.