ಯಾವ ಜಿಂಕೆ?

"ಯಾವ ಜಿಂಕೆ?" ಎಂದು ಆ ಹಿರಿಯರು ಕೇಳಿದ ರೀತಿ ಈ ವಾರವೆಲ್ಲ ನನ್ನನ್ನು ಬಿಟ್ಟಿಲ್ಲ.

ಕ್ಯೋಟೋದ ತೋಜಿ ದೇವಾಲಯದ ಅಂಗಳದಲ್ಲಿ ಪ್ರತಿ ತಿಂಗಳ 21ರಂದು ಸಂತೆ ನೆರೆಯುತ್ತದೆ. ಕಚೇರಿಯ ಕೆಲಸಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಗೆಳೆಯನನ್ನು ಕರೆದುಕೊಂಡು ಹೋಗಿದ್ದೆ. ಹಳೆಯ ಲೋಹದ ಸಾಮಾನು ಹರಡಿಕೊಂಡಿದ್ದ ಹಿರಿಯರೊಬ್ಬರ ಮುಂದೆ ಕುಳಿತು ಅವನೊಂದು ತ್ಸುಬಾ ಎತ್ತಿಕೊಂಡ. ಖಡ್ಗದ ಹಿಡಿಗೂ ಅಲಗಿಗೂ ನಡುವೆ ಕೂರುವ, ಅಂಗೈಯಗಲದ ತಟ್ಟೆ ಅದು. ಕಪ್ಪು ಕಬ್ಬಿಣದ ಮೇಲೆ ಕತ್ತು ಚಾಚಿ ಬಾಯಿ ತೆರೆದ ಗಂಡು ಜಿಂಕೆ. ಗೊರಸಿನ ಬಳಿ ಚಿನ್ನದ ಕೆತ್ತನೆಯ ಮೇಪಲ್ ಎಲೆಗಳು. ಗೆಳೆಯ ಮೊಬೈಲ್ ತೆಗೆದು ನೋಡಿ, "ಜಿಂಕೆ ಎಂದರೆ ದೀರ್ಘಾಯುಷ್ಯವಂತೆ. ಯುದ್ಧಕ್ಕೆ ಹೋಗುವವನಿಗೆ ಬೇಕಾದದ್ದೂ ಅದೇ ತಾನೆ? ಅವರಿಗೆ ಹೇಳು" ಎಂದ. ಜಪಾನಿ ಭಾಷೆಯಲ್ಲಿ ಹೇಳಿದೆ. ಹಿರಿಯರು ನಗಲಿಲ್ಲ, ಸಿಡುಕಲೂ ಇಲ್ಲ. ಆ ಎಲೆಗಳ ಮೇಲೆ ಬೆರಳಿಟ್ಟು, "ಯಾವ ಜಿಂಕೆ?" ಎಂದರು. ಅಷ್ಟೇ.

"ಬೆಲೆ ಕೇಳೋಣವೆಂದರೆ ಇವರು ಪರೀಕ್ಷೆ ಮಾಡುತ್ತಾರಲ್ಲ" ಎಂದು ಗೆಳೆಯ ಎದ್ದುಬಿಟ್ಟ. ಅವನು ಒಳ್ಳೆಯವನು, ಬಹಳ ಚುರುಕು. ಆದರೆ ಯಾವುದನ್ನು ಕಂಡರೂ ಅದಕ್ಕೊಂದು ಅರ್ಥ ಸಿಕ್ಕಿಬಿಟ್ಟರೆ ಮತ್ತೆ ಅದರತ್ತ ನೋಡುವುದಿಲ್ಲ. ಮಾರೀಚನ ಚಿನ್ನದ ಜಿಂಕೆಗೂ ಶಾಂತಿನಾಥ ತೀರ್ಥಂಕರನ ಲಾಂಛನದ ಜಿಂಕೆಗೂ ಒಂದೇ ಅರ್ಥ ಎಂದು ಯಾರಾದರೂ ಹೇಳಿದರೆ ಇವನೇ ಮೊದಲು ಜಗಳಕ್ಕೆ ನಿಲ್ಲುತ್ತಾನೆ. ಪರದೇಶದ ಕಲೆಯ ಮುಂದೆ ಮಾತ್ರ ಒಂದೇ ಪದ ಸಾಕೆನ್ನಿಸುವುದು ಯಾಕೋ!

ದೀರ್ಘಾಯುಷ್ಯದ ಜಿಂಕೆ ಇಲ್ಲಿ ಇಲ್ಲವೆಂದಲ್ಲ. ಏಳು ಅದೃಷ್ಟದೇವತೆಗಳಲ್ಲಿ ಒಬ್ಬನಾದ ಜುರೋಜಿನ್ ಎಂಬ ಬಿಳಿಗಡ್ಡದ ಮುದುಕನ ಪಕ್ಕದಲ್ಲಿ ಅದು ನಿಂತಿರುತ್ತದೆ. ನಾರಾ ಊರಿನ ಕಸುಗಾ ದೇಗುಲದ ಜಿಂಕೆಯೇ ಬೇರೆ. ಖಡ್ಗ ಮತ್ತು ಗುಡುಗಿನ ದೇವರಾದ ತಾಕೆಮಿಕಾಜುಚಿ ದೂರದ ಕಾಶಿಮಾದಿಂದ ಬಿಳಿಯ ಜಿಂಕೆಯೇರಿ ಅಲ್ಲಿಗೆ ಬಂದನೆಂದು ನಂಬಿಕೆ. ಅಲ್ಲಿನ ಜಿಂಕೆಗಳು ಇಂದಿಗೂ ದೇವದೂತರು. ಕಸುಗಾದ ಜಿಂಕೆ ಮಂಡಲಗಳೆಂಬ ಹಳೆಯ ಚಿತ್ರಗಳಲ್ಲಿ ಜಿಂಕೆಗೆ ಜೀನು ಹಾಕಿರುತ್ತದೆ; ಜೀನಿನ ಮೇಲೆ ಸವಾರನಿಲ್ಲ, ಸಕಾಕಿ ಮರದ ಕೊಂಬೆ ಮತ್ತು ದುಂಡನೆಯ ಕನ್ನಡಿ ಇರುತ್ತವೆ. ಇನ್ನು ಮುಂದೆ ಜಪಾನನ್ನೇ ಆಳಿದ ಟೊಕುಗಾವಾ ಇಯೆಯಾಸುವಿನ ಸೇನಾನಿ ಹೊಂಡಾ ತಾದಾಕಾತ್ಸುವಿನ ಶಿರಸ್ತ್ರಾಣದ ಭಾರೀ ಕೊಂಬುಗಳನ್ನು ನೋಡಿದವರಿಗೆ ಆಯುಷ್ಯದ ನೆನಪು ಖಂಡಿತ ಬಾರದು. ಕಾಗದವನ್ನು ಪದರ ಪದರವಾಗಿ ಅಂಟಿಸಿ, ಉರುಶಿ ಎಂಬ ಮರದ ರಸದ ಮೆರುಗು ಬಳಿದು ಮಾಡಿದ ಕೊಂಬುಗಳವು. ಎದುರಾಳಿಯ ಎದೆ ನಡುಗಿಸಲು ಅಷ್ಟು ಸಾಕಾಗಿತ್ತು.

ಆ ಹಿರಿಯರ ಬೆರಳು ಎಲೆಗಳ ಮೇಲಿತ್ತು. ಯಾವ ಜಿಂಕೆ? ಮೇಪಲ್ ಎಲೆಯ ಜಿಂಕೆ, ಅಂದರೆ ಶರತ್ಕಾಲದಲ್ಲಿ ಸಂಗಾತಿಯನ್ನು ಕೂಗುವ ಗಂಡು. ಸಾರುಮಾರು ಎಂಬ ಕವಿಯದೆಂದು ಹೇಳುವ ಹಳೆಯ ಪದ್ಯವೊಂದಿದೆ: ಬೆಟ್ಟದೊಳಗೆ ಉದುರಿದ ಎಲೆಗಳನ್ನು ತುಳಿಯುತ್ತಾ ಕೂಗುವ ಜಿಂಕೆಯ ದನಿ ಕೇಳಿದಾಗಲೇ ಶರತ್ಕಾಲ ಅತ್ಯಂತ ದುಃಖಕರ ಎನ್ನುತ್ತದೆ ಅದು. ಆ ಪದ್ಯವಿರುವ ನೂರು ಪದ್ಯಗಳ ಸಂಕಲನ ಇಲ್ಲಿನ ಮನೆಮನೆಗಳಲ್ಲಿ ಹೊಸವರ್ಷದ ಕಾರ್ಡಿನಾಟವಾಗಿ ಉಳಿದಿದೆ. ಮಕ್ಕಳಿಗೂ ಅದು ಬಾಯಿಪಾಠ. ಕೆತ್ತಿದವನು ಬಾಯಿ ತೆರೆದ ಜಿಂಕೆಯನ್ನೂ ಎಲೆಗಳನ್ನೂ ಇಟ್ಟು ಸುಮ್ಮನಾಗಿದ್ದಾನೆ. ಉಳಿದದ್ದನ್ನು ನೋಡುವವನು ಕೇಳಿಸಿಕೊಳ್ಳಬೇಕು.

ಕೊಲ್ಲುವ ಆಯುಧದ ಮೇಲೆ ಇಂಥ ಕೋಮಲ ಚಿತ್ರವೇ ಎಂದು ಬೆರಗಾಗುವವರಿದ್ದಾರೆ. ನನಗೆ ಅದು ಅಸಹಜವೆನ್ನಿಸುವುದಿಲ್ಲ. 1615ರಲ್ಲಿ ಟೊಕುಗಾವಾ ಸೇನೆಯ ಮುಂದೆ ಒಸಾಕಾ ಕೋಟೆ ಬಿದ್ದ ಮೇಲೆ ದೀರ್ಘ ಶಾಂತಿಯ ಕಾಲ ಬಂತು. ರಣರಂಗವನ್ನೇ ಕಾಣದ ತಲೆಮಾರುಗಳು ಸೊಂಟದಲ್ಲಿ ಖಡ್ಗ ಸಿಕ್ಕಿಸಿಕೊಂಡು ಓಡಾಡಿದವು. ಅಲಗು ಒರೆಯೊಳಗೇ ಇರುತ್ತಿತ್ತು. ಹೊರಗೆ ಕಾಣುತ್ತಿದ್ದದ್ದು ತ್ಸುಬಾ. ಖಡ್ಗ ಸೆಳೆಯುವ ಮುನ್ನ ಎಡಗೈಯ ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಬೇಕಾದದ್ದೂ ಅದನ್ನೇ. ಆ ಜಾಗಕ್ಕೆ ಹುಲಿಯನ್ನೋ ಡ್ರ್ಯಾಗನ್ನನ್ನೋ ಕೆತ್ತಿಸಿಕೊಂಡವರು ಬಹಳ. ಈ ತ್ಸುಬಾದ ಒಡೆಯ ಮಾತ್ರ ವಿರಹದ ಕೂಗನ್ನು ಕೆತ್ತಿಸಿಕೊಂಡ. ಅವನು ಯಾರಿರಬಹುದು ಎಂದು ನನಗೆ ಮತ್ತೆ ಮತ್ತೆ ಯೋಚನೆಯಾಗುತ್ತದೆ. ಅವನ ಮೇಲೆ ನನಗೆ ಗೌರವ ಹುಟ್ಟಿದೆ.

1876ರಲ್ಲಿ ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನು ಸರ್ಕಾರ ನಿಷೇಧಿಸಿತು. ಕುಶಲಕರ್ಮಿಗಳು ಹೂದಾನಿ, ಪೆಟ್ಟಿಗೆಗಳತ್ತ ಹೊರಳಿದರು. ಎಷ್ಟೋ ತ್ಸುಬಾಗಳು ತಮ್ಮ ಖಡ್ಗಗಳಿಂದ ಬೇರ್ಪಟ್ಟು ಬಾಸ್ಟನ್, ಲಂಡನ್ನಿನ ಸಂಗ್ರಹಾಲಯಗಳನ್ನು ಸೇರಿದವು. ಬಿಡಿಯಾದ ವಸ್ತುವಿಗೆ ಒಂದು ಪದದ ಚೀಟಿ ಅಂಟಿಸುವುದು ಸುಲಭ. ಗೆಳೆಯನ ಮೊಬೈಲಿಗೆ ಬಂದದ್ದು ಅಂಥದೇ ಚೀಟಿಯಿರಬೇಕು.

ಮುಂದಿನ ತಿಂಗಳು ಅವನು ಸಿಯಾಟಲ್‌ಗೆ ಹೋಗುತ್ತಾನೆ. ಅಲ್ಲಿನ ಕಲಾ ಸಂಗ್ರಹಾಲಯದಲ್ಲಿ 17ನೇ ಶತಮಾನದ ಆರಂಭದ, ಜಿಂಕೆ ಚಿತ್ರಗಳ ಕಾಗದದ ಸುರುಳಿಯಿದೆ, ಸುಮಾರು 9 ಮೀಟರ್ ಉದ್ದದ್ದು. ಚಿತ್ರಕಾರ ತವಾರಾಯಾ ಸೋತಾತ್ಸು ಚಿನ್ನ ಬೆಳ್ಳಿಯ ಬಣ್ಣದಲ್ಲಿ ಬರೆದ ಜಿಂಕೆಗಳ ಮೇಲೆ ಅಕ್ಷರಕಲೆಯ ನಿಪುಣ ಹೊನಾಮಿ ಕೋಎತ್ಸು ಹಳೆಯ ಪದ್ಯಗಳನ್ನು ಬರೆದಿದ್ದಾನೆ. ಕೋಎತ್ಸುವಿನ ಮನೆತನದ ವೃತ್ತಿಯೇ ಖಡ್ಗಕ್ಕೆ ಹೊಳಪು ಕೊಡುವುದು, ಅದರ ಬೆಲೆ ಕಟ್ಟುವುದು. ಸುರುಳಿಯ ಇನ್ನರ್ಧವನ್ನು 20ನೇ ಶತಮಾನದಲ್ಲಿ ತುಂಡು ತುಂಡಾಗಿ ಕತ್ತರಿಸಿ ಮಾರಿದರು. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಗೆಳೆಯ ಹೋಗಿ ನೋಡುತ್ತೇನೆ ಎಂದಿದ್ದಾನೆ. ಅಂಥ ಹಳೆಯ ಕಾಗದವನ್ನು ಬೆಳಕಿಗೆ ಹೆದರಿ ವರ್ಷವಿಡೀ ಹರಡಿಡುವುದಿಲ್ಲ, ಹೊರಡುವ ಮೊದಲು ಫೋನ್ ಮಾಡಿ ವಿಚಾರಿಸಿಕೋ ಎಂದಿದ್ದೇನೆ.